ಬಂದು ಹೋಗುವ ದೋಷ

ಪೂರ್ತಿಯಾಗಿ ಕೆಟ್ಟ ವಸ್ತುವಿನೊಡನೆ ಬಾಳುವುದು ಅಷ್ಟೇನೂ ಕಷ್ಟವಲ್ಲ. ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟು, ಕುಂಟುವ ಮೇಜಿನ ಕಾಲಿಗೆ ಕಾಗದದ ಮಡಿಕೆಯಿಟ್ಟು ಮನುಷ್ಯನು ಹೇಗೋ ಕಾಲ ತಳ್ಳುತ್ತಾನೆ. ಕೆಟ್ಟದ್ದು ಕೆಟ್ಟಿದೆಯೆಂದು ಗೊತ್ತಿರುವುದೂ ಒಂದು ನೆಮ್ಮದಿಯೇ. ಆದರೆ ಒಮ್ಮೆ ನೆಟ್ಟಗಿದ್ದು, ಇನ್ನೊಮ್ಮೆ ಕೈಕೊಟ್ಟು, ಬಲ್ಲವರ ಬಳಿಗೆ ಕೊಂಡೊಯ್ದೊಡನೆ ಮತ್ತೆ ಸಾಧುವಾಗಿಬಿಡುವ ವಸ್ತುವಿದೆಯಲ್ಲ, ಅದರೊಡನೆ ಏಗುವುದು ಬಲು ಕಷ್ಟ. ಇರುಳೆಲ್ಲ ಕಾಡಿದ ಮಗುವಿನ ಜ್ವರವು ವೈದ್ಯರ ಜಗಲಿಯನ್ನು ಹತ್ತಿದೊಡನೆ ಇಳಿದುಬಿಟ್ಟರೆ ತಾಯಿಯ ಮುಖ ಹೇಗಾಗುವುದೆಂಬುದನ್ನು ವಾಚಕರು ಬಲ್ಲರು. ಮಗುವಿಗೆ ಜ್ವರವಿಲ್ಲವೆಂಬ ಸಂತೋಷಕ್ಕಿಂತ, ತನ್ನ ಮಾತು ಸುಳ್ಳಾಯಿತೆಂಬ ನಾಚಿಕೆಯೇ ಆ ಗಳಿಗೆಯಲ್ಲಿ ಆಕೆಗೆ ಹೆಚ್ಚು. ಬಂದು ಹೋಗುವ ದೋಷವು ಹೀಗೆ ಎರಡು ಬಗೆಯಲ್ಲಿ ಕಾಡುತ್ತದೆ: ಬಂದಾಗ ನೋಯಿಸುತ್ತದೆ, ಹೋದಾಗ ನೊಂದವನನ್ನೇ ಸುಳ್ಳುಗಾರನನ್ನಾಗಿ ಮಾಡುತ್ತದೆ.

ಮಂಗಳೂರಿನ ಹಳೆಯ ಬಂದರಿನ ಧಕ್ಕೆಯಿಂದ ಪುತ್ತೂರಿಗೆ ಮೀನು ಸಾಗಿಸುವ ಯಜಮಾನರೊಬ್ಬರಿಗೆ ಒಂದು ಬೇಸಗೆಯಲ್ಲಿ ಈ ಎರಡು ಬಗೆಯ ಪೀಡೆಯೂ ಒದಗಿತು. ಅವರ ವಯಸ್ಸು ಐವತ್ತೆಂಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಕಾಲವನ್ನು ಅವರು ಮೀನಿನ ಗಾಡಿಯಲ್ಲಿಯೇ ಕಳೆದವರು. ನಸುಕಿನ ನಾಲ್ಕು ಗಂಟೆಗೆ ಧಕ್ಕೆಗೆ ಹೋಗಿ, ಏಲವಾದ ಬಂಗುಡೆ ಭೂತಾಯಿಗಳನ್ನು ಪೆಟ್ಟಿಗೆಗಳಲ್ಲಿ ಐಸಿನೊಡನೆ ತುಂಬಿಸಿ, ಪಡೀಲು, ಬಿ.ಸಿ. ರೋಡು, ಮಾಣಿಗಳ ಮೇಲೆ ಸುಮಾರು ಐವತ್ತು ಕಿಲೋಮೀಟರು ಹಾದಿಯನ್ನು ಸವೆಸಿ, ಪುತ್ತೂರಿನ ಪೇಟೆ ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಬಳಿಕ ಸುತ್ತಣ ಹಳ್ಳಿಗಳ ಅಂಗಡಿಗಳಿಗೆ ಹಂಚಿ, ಲೆಕ್ಕ ಮುಗಿಸಿ, ಖಾಲಿ ಪೆಟ್ಟಿಗೆಗಳೊಡನೆ ಹಿಂದಿರುಗುವಾಗ ಸೂರ್ಯನು ನೆತ್ತಿಗೆ ಬಂದಿರುತ್ತಾನೆ. ಹೋಗುವಾಗಿನ ದಾರಿ ತಣ್ಣನೆಯದು, ಬರುವಾಗಿನದು ಕೆಂಡದಂಥದು. ಹಿಂಬದಿಯಲ್ಲಿ ಸತ್ತ ಮೀನಿಗೆ ಐಸಿನ ಹಾಸಿಗೆ. ಮುಂದೆ ಬದುಕಿರುವ ಮನುಷ್ಯನಿಗೆ ಬೆವರಿನ ಸ್ನಾನ. ಈ ವಿಪರ್ಯಾಸವನ್ನು ಮೀನಿನ ಗಾಡಿಯವರು ತಾವೇ ಹೇಳಿ ನಗುವುದುಂಟು.

ಕರಾವಳಿಯ ಸೆಕೆಯನ್ನು ಉಷ್ಣಮಾಪಕದಿಂದ ಅಳೆಯಲಾಗದು. ಬಯಲುಸೀಮೆಯ ರಾಯಚೂರಿನಲ್ಲಿ ೪೦ ಡಿಗ್ರಿ ಬಿಸಿಲಿದ್ದರೂ ಮೈಯ ಬೆವರು ಆರುತ್ತದೆ, ಆರುವಾಗ ದೇಹದ ಬಿಸಿಯನ್ನು ಕೊಂಡೊಯ್ಯುತ್ತದೆ. ಮಂಗಳೂರಿನಲ್ಲಿ ೩೪ ಡಿಗ್ರಿಯೇ ಇರಬಹುದು. ಆದರೆ ಗಾಳಿಯು ಮೊದಲೇ ನೀರನ್ನು ಕುಡಿದು ತೃಪ್ತವಾಗಿರುವುದರಿಂದ ಮೈಯ ಬೆವರನ್ನು ಅದು ಸ್ವೀಕರಿಸದು. ಬೆವರು ಹರಿಯುವುದೇ ಹೊರತು ಆರುವುದಿಲ್ಲ. ಆರದ ಬೆವರು ದೇಹದ ನೀರನ್ನು ಕಳೆಯುವುದೇ ಹೊರತು ತಂಪನ್ನು ಕೊಡುವುದಿಲ್ಲ. ಇದರ ಜೊತೆಗೆ ಇಂಜಿನಿನ ಬಿಸಿಯೂ, ಕಾದ ತಗಡಿನ ಮಾಡೂ ಸೇರಿದರೆ ಪಗ್ಗು ತಿಂಗಳ ಮಧ್ಯಾಹ್ನದಲ್ಲಿ ಚಾಲಕನ ಕೋಣೆಯು ಒಲೆಯ ಮೇಲಿಟ್ಟ ಹಬೆಯ ಪಾತ್ರೆಯಾಗುತ್ತದೆ. ಸರಕಾರವೂ ಇದನ್ನು ಕಂಡಿಲ್ಲವೆಂದಲ್ಲ. ೨೦೨೩ರ ಡಿಸೆಂಬರಿನಲ್ಲಿ ಹೊರಟ ಆಜ್ಞೆಯ ಮೇರೆಗೆ, ಒಟ್ಟು ತೂಕ ಮೂರೂವರೆ ಟನ್ನನ್ನು ಮೀರುವ ಸರಕು ಲಾರಿಗಳಲ್ಲಿ ೨೦೨೫ರಿಂದ ಹೊಸದಾಗಿ ತಯಾರಾಗುವವುಗಳಿಗೆ ಚಾಲಕನ ಕೋಣೆಯಲ್ಲಿ ಏಸಿ ಇರಲೇಬೇಕು. ಅದಕ್ಕಿಂತ ಕಡಿಮೆ ತೂಕದ ಪಿಕಪ್ಪಿಗೆ ಆ ನಿಯಮ ತಾಗದು; ಹಳೆಯ ಪಿಕಪ್ಪಿಗಂತೂ ಕೇಳುವವರೇ ಇಲ್ಲ.

ಯಜಮಾನರು ಏಸಿಯನ್ನು ಬಯಸಿದವರಲ್ಲ. ಹಿಂದಿನ ವರ್ಷದ ಬೇಸಗೆಯಲ್ಲಿ ಒಂದು ದಿನ ಹಿಂದಿರುಗುವಾಗ ಮಾಣಿಯ ಸಮೀಪದಲ್ಲಿ ಅವರಿಗೆ ಕಣ್ಣು ಕತ್ತಲೆಗಟ್ಟಿ, ಗಾಡಿಯನ್ನು ದಾರಿಯ ಬದಿಗೆ ಸರಿಸಿ, ಮರದ ನೆರಳಿನಲ್ಲಿ ಕಾಲು ಗಂಟೆ ಮಲಗಬೇಕಾಗಿ ಬಂತು. ಅವರು ಮನೆಯಲ್ಲಿ ಈ ಮಾತನ್ನು ಆಡಲಿಲ್ಲ. ಆದರೆ ಅದೇ ದಾರಿಯಲ್ಲಿ ಬಂದ ಇನ್ನೊಬ್ಬ ಚಾಲಕನು ಆಡಿದನು. ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿದ್ದ ಮಗಳು ಮೂರು ದಿನ ತಂದೆಯೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ, ಏಸಿ ಇಲ್ಲದ ಗಾಡಿಯಲ್ಲಿ ಇನ್ನು ಹೋಗಕೂಡದೆಂದು ಹಟ ಹಿಡಿದಳು. ಕಡೆಗೆ ಇದ್ದ ಗಾಡಿಯನ್ನು ಮಾರಿ, ಹೆಂಡತಿಯ ಎರಡು ಬಳೆಗಳನ್ನು ಒತ್ತೆಯಿಟ್ಟು, ಹನ್ನೆರಡು ವರ್ಷ ಹಳೆಯದಾದರೂ ಏಸಿ ಉಳ್ಳ ಒಂದು ಪಿಕಪ್ಪನ್ನು ಕೊಂಡದ್ದಾಯಿತು. ಅದರ ಹಿಂದಿನ ಒಡೆಯನೂ ಧಕ್ಕೆಯವನೇ. ಗಾಡಿಯ ಒಂದೊಂದು ಸಂದಿಯಲ್ಲೂ ಕಡಲ ಉಪ್ಪು ಬೀಡುಬಿಟ್ಟಿತ್ತು.

ಮೊದಲಿನ ಕೆಲವು ತಿಂಗಳು ಏಸಿಯು ಚೆನ್ನಾಗಿ ನಡೆಯಿತು. ಬೇಸಗೆ ಬಂದೊಡನೆ ಅದರ ಚೇಷ್ಟೆ ಮೊದಲಾಯಿತು. ಬೆಳಗ್ಗೆ ತಂಪು, ಮಧ್ಯಾಹ್ನ ಒಮ್ಮೊಮ್ಮೆ ತಂಪು, ಒಮ್ಮೊಮ್ಮೆ ಬರಿಯ ಬಿಸಿಗಾಳಿ. ಒಂದು ದಿನ ಬಿ.ಸಿ. ರೋಡಿನಿಂದ ಮನೆಯವರೆಗೂ ಇಲ್ಲ. ಇನ್ನೊಂದು ದಿನ ಅಲ್ಲಿಂದಲೇ ಮತ್ತೆ ಬಂತು. ಯಜಮಾನರು ಮೂರು ಕಡೆ ರಿಪೇರಿಗೆ ತೋರಿಸಿದರು. ಮೊದಲನೆಯ ಕಡೆಯ ಹುಡುಗನು, “ಅಣ್ಣಾ, ಗ್ಯಾಸು ಖಾಲಿಯಾಗಿದೆ” ಎಂದು ಗ್ಯಾಸು ತುಂಬಿಸಿದನು. ವಾರ ಕಳೆಯುವಷ್ಟರಲ್ಲಿ ಅದೇ ಹಾಡು. ಎರಡನೆಯ ಕಡೆಯಲ್ಲಿಯೂ, ಹಳೆಯ ಗ್ಯಾಸು ಎಷ್ಟಿದೆಯೆಂದು ನೋಡದೆಯೇ ಅದನ್ನು ಹೊರಗೆ ಬಿಟ್ಟು ಹೊಸದನ್ನು ತುಂಬಿಸಿದರು. ಮೂರನೆಯ ಕಡೆಗೆ ಹೋದದ್ದು ಬೆಳಗಿನ ಹೊತ್ತು. ಏಸಿಯು ಮಂಜಿನಂಥ ಗಾಳಿಯನ್ನು ಬೀಸುತ್ತಿತ್ತು. ಅಲ್ಲಿಯವರು ನಕ್ಕು, “ಏಸಿಗೆ ಏನೂ ಆಗಿಲ್ಲ ಅಣ್ಣಾ, ನಿಮಗೇ ಸೆಕೆ ಹೆಚ್ಚು. ಅಷ್ಟಕ್ಕೂ ಸಂಶಯವಿದ್ದರೆ ಕಂಪ್ರೆಸರನ್ನೇ ಬದಲಿಸಿಬಿಡುವ” ಎಂದರು. ಅವರು ಹೇಳಿದ ಮೊತ್ತವು ಒಂದು ತಿಂಗಳ ದುಡಿಮೆಗಿಂತ ಹೆಚ್ಚಾಗಿತ್ತು.

ಮನೆಯಲ್ಲಿಯೂ ನಂಬಿಕೆ ಸಡಿಲಿತು. ಭಾನುವಾರ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಕದ್ರಿಗೆ ಹೋದಾಗ ಏಸಿಯು ಸೊಗಸಾಗಿ ನಡೆದು, “ಇಷ್ಟು ತಣ್ಣಗಿದೆಯಲ್ಲ, ಮತ್ತೇನು ದೂರು ನಿಮ್ಮದು?” ಎಂಬ ಮಾತು ಬಂತು. ಹೊಸ ಗಾಡಿಯನ್ನು ಕೊಳ್ಳಲು ಮನಸ್ಸಿಲ್ಲದಿದ್ದ ಮನುಷ್ಯನು ಅದರಲ್ಲಿ ಕೊರತೆ ಹುಡುಕುತ್ತಿರುವನೆಂಬ ಭಾವನೆ ಆಕೆಗೆ. ಯಜಮಾನರು ಸುಮ್ಮನಾದರು. ಅದೇ ಹೊತ್ತಿಗೆ ಮಧ್ಯಾಹ್ನದ ತಲೆಸುತ್ತು ಮತ್ತೆ ಎರಡು ಸಲ ಬಂದು ಹೋಗಿತ್ತು. ಅದನ್ನೂ ಹೇಳಲಿಲ್ಲ. ಏಸಿಯ ವಿಷಯದಲ್ಲಿಯೇ ನಂಬದವರು ತಲೆಸುತ್ತನ್ನು ನಂಬುವರೆ? ಅಥವಾ ನಂಬಿಬಿಟ್ಟರೆ, ಗಾಡಿ ಓಡಿಸುವುದನ್ನೇ ನಿಲ್ಲಿಸೆಂದಾರು. ಈ ಎರಡರಲ್ಲಿ ಯಾವುದು ಹೆಚ್ಚು ಭಯವೋ ಅವರಿಗೇ ತಿಳಿಯದು.

ಬಂದರಿನ ಹಿಂದಣ ಒಂದು ಓಣಿಯಲ್ಲಿ ಒಬ್ಬ ಮುದಿ ಮೇಸ್ತ್ರಿ ಇದ್ದಾರೆ. ದೋಣಿಯ ಇಂಜಿನುಗಳಲ್ಲಿ ಕೈ ಪಳಗಿಸಿ, ಐಸಿನ ಕಾರ್ಖಾನೆಯ ಯಂತ್ರಗಳಲ್ಲಿ ದುಡಿದು, ಈಗ ಗಾಡಿಗಳ ಏಸಿಯನ್ನು ನೋಡುವವರು. ಗೆಳೆಯನೊಬ್ಬನ ಸೂಚನೆಯಂತೆ ಯಜಮಾನರು ಅಲ್ಲಿಗೆ ಹೋದರು. ಇಬ್ಬರ ಮಾತೂ ತುಳುವಿನಲ್ಲಿ ನಡೆಯಿತು. ಇಲ್ಲಿರುವುದು ಅದರ ಭಾವ. ಮೇಸ್ತ್ರಿ ಬಾನೆಟ್ಟನ್ನು ತೆರೆಯಲಿಲ್ಲ. ಬೀಡಿಯನ್ನು ಆರಿಸಿ, ಬೆಂಚಿನ ಮೇಲೆ ಕುಳಿತು, “ಕೈಕೊಡುವಾಗ ಗಾಳಿ ಕಡಿಮೆಯಾಗುತ್ತದೋ, ತಂಪು ಕಡಿಮೆಯಾಗುತ್ತದೋ?” ಎಂದು ಕೇಳಿದರು. ಯಜಮಾನರು ಯೋಚಿಸಿದರು. ಇಷ್ಟು ದಿನ ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. “ಗಾಳಿ ಇರುತ್ತದೆ ಮೇಸ್ತ್ರಿಯವರೇ. ತಂಪು ಇರುವುದಿಲ್ಲ.” “ಗಾಡಿ ಓಡುವಾಗಲೋ, ನಿಂತಾಗಲೋ?” ಇದಕ್ಕೆ ಉತ್ತರ ಖಚಿತವಾಗಲಿಲ್ಲ. “ಎಷ್ಟು ಹೊತ್ತು ಓಡಿದ ಮೇಲೆ? ಮಳೆ ಬಂದ ದಿನ ಹೇಗೆ?” ಅದಕ್ಕೂ ಇಲ್ಲ. ಮೇಸ್ತ್ರಿ ಹೇಳಿದರು: “ನೀವು ಸುಳ್ಳು ಹೇಳುವವರಲ್ಲ ಮಾರಾಯರೇ. ಆದರೆ ನಿಮ್ಮ ನೆನಪು ಸೆಕೆಯಲ್ಲಿ ಬೆಂದದ್ದು. ಒಂದು ಪುಸ್ತಕದಲ್ಲಿ ಹದಿನೈದು ದಿನ ಬರೆದು ತನ್ನಿ. ಅದು ಕೆಡುವ ಗಳಿಗೆ ಗೊತ್ತಾಗದೆ ನಾನು ಸ್ಪಾನರು ಮುಟ್ಟುವುದಿಲ್ಲ.”

ಆ ಸಂಜೆ ಮಗಳು ಹಳೆಯ ಮೀನಿನ ಲೆಕ್ಕದ ಪುಸ್ತಕವನ್ನು ತಿರುಗಿಸಿ, ಹಿಂದಿನ ಪುಟಗಳಲ್ಲಿ ಗೆರೆ ಹಾಕಿದಳು. ತಾರೀಕು, ಗಂಟೆ, ಸ್ಥಳ, ಓಡುತ್ತಿತ್ತೋ ನಿಂತಿತ್ತೋ, ಗಾಳಿ, ತಂಪು ಎಂದು ಆರು ಅಂಕಣಗಳು. ಯಾರೂ ಹೇಳದೆಯೇ ಕೊನೆಗೆ ಏಳನೆಯದೊಂದನ್ನು ಸೇರಿಸಿ, ಮೇಲೆ ‘ಅಪ್ಪನ ತಲೆ’ ಎಂದು ಬರೆದಳು. ಅದನ್ನು ಕಂಡು ಯಜಮಾನರು, “ಇದು ಗಾಡಿಯ ಪುಸ್ತಕ, ನನ್ನದಲ್ಲ” ಎಂದು ಸಿಡುಕಿದರು. “ಗಾಡಿ ಯಾರಿಗಾಗಿ ಅಪ್ಪ?” ಎಂದಳು ಮಗಳು. ಅವರು ಮತ್ತೆ ಮಾತಾಡಲಿಲ್ಲ. ಹಗಲು ದಾರಿಯಲ್ಲಿ ಅವರು ಗುರುತು ಹಾಕಿಕೊಳ್ಳುವರು. ರಾತ್ರಿ ಮಗಳು ಅದನ್ನು ಬಿಡಿಸಿ ಬರೆಯುವಳು.

ಪುಸ್ತಕ ತುಂಬುತ್ತಿರುವ ಈ ಹದಿನೈದು ದಿನಗಳಲ್ಲಿ, ಆ ಯಂತ್ರವು ತಂಪನ್ನು ಹೇಗೆ ಕೊಡುತ್ತದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೇಕೆ? ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಣ ಬಿಸಿಯನ್ನು ಹೊತ್ತೊಯ್ಯುವುದರಿಂದ. ಏಸಿಯ ಗುಟ್ಟೂ ಇದೇ. ವ್ಯತ್ಯಾಸವಿಷ್ಟೆ: ಹೂಜಿಯಿಂದ ಹೋದ ನೀರು ಹೋಯಿತು, ಏಸಿಯಲ್ಲಿ ಆವಿಯಾದದ್ದನ್ನು ಹಿಡಿದು, ಹಿಂಡಿ, ಮತ್ತೆ ದ್ರವವನ್ನಾಗಿ ಮಾಡಿ, ಮತ್ತೆ ಅದೇ ಕೆಲಸಕ್ಕೆ ಕಳುಹಿಸುತ್ತಾರೆ. ಇದಕ್ಕೆ ನೀರು ಒದಗದು. ಈ ಕಾಲದ ಬಹಳಷ್ಟು ಗಾಡಿಗಳಲ್ಲಿರುವ ೧೩೪-ಎ ಎಂಬ ದ್ರವ್ಯವು ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ಸುರುಳಿಯಲ್ಲಿ ಅದು ಆವಿಯಾಗಿ ಕೋಣೆಯ ಬಿಸಿಯನ್ನು ಹೀರುತ್ತದೆ. ಇಂಜಿನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರು ಆ ಆವಿಯನ್ನು ಅದುಮುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ತನ್ನ ಬಿಸಿಯನ್ನು ಹೊರಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ಒಂದು ಕಿರುಗಂಡಿಯ ಮೂಲಕ ಹಾದು ಮತ್ತೆ ಸುರುಳಿಗೆ ಬರುತ್ತದೆ. ಒಳಗಣ ಸುರುಳಿಯ ಮೇಲೆ ಗಾಳಿಯ ತೇವವು ಹನಿಗಟ್ಟಿ ಗಾಡಿಯ ಅಡಿಯಿಂದ ತೊಟ್ಟಿಕ್ಕುತ್ತದೆ. ನಿಜವಾಗಿ ನೋಡಿದರೆ ಈ ಯಂತ್ರವು ಹುಟ್ಟಿದ್ದೇ ತೇವವನ್ನು ಹಿಂಡುವುದಕ್ಕಾಗಿ. ೧೯೦೨ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರನು ಇದರ ಮೊದಲ ಯೋಜನೆಯನ್ನು ತಯಾರಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ತೇವದಿಂದ ಕಾಗದವು ಹಿಗ್ಗಿ ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಊರಿನವರಿಗೆ ಮಳೆಗಾಲದ ಕಾಗದದ ಈ ಗೋಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದಿನೈದು ದಿನ ತುಂಬಿತು. ಮೇಸ್ತ್ರಿ ಕನ್ನಡಕ ಏರಿಸಿ, ಪುಸ್ತಕದ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಅದರಲ್ಲಿ ಕಂಡದ್ದು ಇಷ್ಟು. ಬೆಳಗಿನ ಹೊತ್ತು ಒಮ್ಮೆಯೂ ತಪ್ಪಿಲ್ಲ. ನಡುವೆ ಒಂದು ದಿನ ಅಕಾಲದ ಮಳೆ ಬಂದಿತ್ತು. ಆ ದಿನ ಮಧ್ಯಾಹ್ನವೂ ತಪ್ಪಿಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ಓಡಿ, ಊಟಕ್ಕೋ ಲೆಕ್ಕಕ್ಕೋ ಇಂಜಿನು ನಿಲ್ಲಿಸಿ, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಮತ್ತೆ ಹೊರಟಾಗ ಹೆಚ್ಚುಕಡಿಮೆ ಪ್ರತಿಸಲವೂ ತಪ್ಪಿದೆ. ನಿಲ್ಲಿಸದೆ ಬಂದ ದಿನಗಳಲ್ಲಿ ತಂಪು ಬಹುಪಾಲು ಉಳಿದಿದೆ. ತಪ್ಪಿದಾಗಲೂ ಗಾಳಿಯ ರಭಸ ಕುಗ್ಗಿಲ್ಲ.

ಮೇಸ್ತ್ರಿ ಪುಸ್ತಕವನ್ನು ಮಡಿಚಿ, ಒಂದೊಂದೇ ಸಂಶಯವನ್ನು ಬೆರಳು ಮಡಚಿ ಕಳೆದರು. ಒಳಗಣ ಸುರುಳಿಯಲ್ಲಿ ಮಂಜುಗಟ್ಟಿದರೆ ಗಾಳಿಯೇ ಕಟ್ಟಿಹೋಗಬೇಕು, ಮತ್ತು ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗಿ ಸರಿಹೋಗಬೇಕು. ಇಲ್ಲಿ ನಿಲ್ಲಿಸಿದ ಮೇಲೆಯೇ ಕೆಡುತ್ತದೆ. ಕಂಡೆನ್ಸರಿನ ಫ್ಯಾನು ಸತ್ತಿದ್ದರೆ ಗಾಡಿ ನಿಂತಾಗ ತಂಪು ಹೋಗಿ, ಓಡತೊಡಗಿದೊಡನೆ ಗಾಳಿ ತಾಗಿ ಬರಬೇಕು; ಇಲ್ಲಿ ಹೊರಟು ಹತ್ತು ಹದಿನೈದು ನಿಮಿಷವಾದರೂ ಬರುವುದಿಲ್ಲ. ಗ್ಯಾಸು ಸೋರಿದ್ದರೆ ದಿನದಿಂದ ದಿನಕ್ಕೆ ಕ್ಷೀಣಿಸಬೇಕು, ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ಭೇದ ಮಾಡಲಾರದು. ಇಲ್ಲಿ ಹದಿನೈದನೆಯ ದಿನದ ಬೆಳಗೂ ಮೊದಲನೆಯ ದಿನದ ಬೆಳಗಿನಷ್ಟೇ ತಂಪು. “ಉಳಿದದ್ದು ಒಂದೇ. ಬಿಸಿಯಾದಾಗ ಯಾವುದೋ ಒಂದು ಕೈ ಇನ್ನೊಂದನ್ನು ಹಿಡಿಯುತ್ತಿಲ್ಲ. ನಾಳೆ ಮಧ್ಯಾಹ್ನ ಪುತ್ತೂರಿನಿಂದ ಹೊರಡುವಾಗ ನಾನೂ ಗಾಡಿಯಲ್ಲಿರುತ್ತೇನೆ” ಎಂದರು.

ಹೇಳಿದಂತೆಯೇ ಬಂದರು. ಪುತ್ತೂರಿನಲ್ಲಿ ಊಟ ಮಾಡಿ, ಅರ್ಧ ಗಂಟೆ ಬಿಟ್ಟು ಗಾಡಿಯನ್ನು ಚಾಲೂ ಮಾಡಿದಾಗ ದೋಷವು ಮಾತು ಕೊಟ್ಟವರಂತೆ ಹಾಜರಾಯಿತು. ಯಜಮಾನರ ಮುಖದಲ್ಲಿ ಆ ಬಿಸಿಗಾಳಿಯನ್ನು ಕಂಡು ಮೂಡಿದ ಆನಂದವು ತಂಪುಗಾಳಿಯಿಂದ ಎಂದೂ ಮೂಡಿರಲಿಲ್ಲ. “ನೋಡಿದಿರಾ, ನೋಡಿದಿರಾ” ಎಂದು ಮಗುವಿನಂತೆ ಅಂದರು. ಇಂಜಿನು ಓಡುತ್ತಿದ್ದಂತೆಯೇ ಮೇಸ್ತ್ರಿ ಬಾನೆಟ್ಟನ್ನು ಎತ್ತಿದರು. ಕಂಪ್ರೆಸರಿನ ಪುಲ್ಲಿಯು ಬೆಲ್ಟಿನೊಡನೆ ತಿರುಗುತ್ತಿತ್ತು; ಆದರೆ ಅದರ ಮುಂದಿನ ತಟ್ಟೆಯು ಸ್ತಬ್ಧವಾಗಿತ್ತು. ಎರಡು ಮುಳ್ಳಿನ ಮಾಪಕವನ್ನು ಕೊಳವೆಗಳಿಗೆ ಹಚ್ಚಿ ನೋಡಿದರೆ ನೀಲಿಯದೂ ಕೆಂಪಿನದೂ ಒಂದೇ ಅಂಕೆಯಲ್ಲಿ ನಿಂತಿದ್ದವು. ಅಂದರೆ ಗ್ಯಾಸು ಇದೆ. ಅದನ್ನು ಅದುಮುವ ಕೆಲಸವೇ ನಡೆಯುತ್ತಿಲ್ಲ. ಬಳಿಕ ಮೇಸ್ತ್ರಿ ಒಂದು ಉದ್ದನೆಯ ಮರದ ಕೋಲಿನ ತುದಿಯಿಂದ ಆ ತಟ್ಟೆಯನ್ನು ಮೆಲ್ಲನೆ ಒತ್ತಿದರು. ಅನುಭವವಿಲ್ಲದವರು ಇದನ್ನು ಎಂದಿಗೂ ಮಾಡತಕ್ಕದ್ದಲ್ಲ. ತಿರುಗುವ ಬೆಲ್ಟು ಬೆರಳನ್ನೂ ಬಟ್ಟೆಯನ್ನೂ ಲೆಕ್ಕಿಸದು. ಟಕ್ಕೆಂದು ಸದ್ದಾಗಿ ತಟ್ಟೆಯು ಪುಲ್ಲಿಗೆ ಅಂಟಿಕೊಂಡಿತು. ಕೋಲು ತೆಗೆದರೂ ಬಿಡಲಿಲ್ಲ. ಒಂದು ನಿಮಿಷದಲ್ಲಿ ಒಳಗೆ ತಂಪು ಬಂತು.

“ಹಿಡಿದದ್ದು ಬಿಡುವುದಿಲ್ಲ, ಬಿಟ್ಟದ್ದು ಹಿಡಿಯುವುದಿಲ್ಲ” ಎಂದರು ಮೇಸ್ತ್ರಿ.

ಆ ಮಾತಿನ ಅರ್ಥವಿದು. ಕಂಪ್ರೆಸರಿನ ಮುಖದಲ್ಲಿ ಒಂದು ಕ್ಲಚ್ಚಿದೆ. ಏಸಿಯ ಗುಂಡಿಯನ್ನು ಒತ್ತಿದಾಗ ತಾಮ್ರದ ತಂತಿಯ ಸುರುಳಿಗೆ ವಿದ್ಯುತ್ತು ಹರಿದು, ಅದು ಅಯಸ್ಕಾಂತವಾಗಿ ತಟ್ಟೆಯನ್ನು ಸೆಳೆದು ಪುಲ್ಲಿಗೆ ಅಂಟಿಸುತ್ತದೆ. ಕೋಣೆ ಸಾಕಷ್ಟು ತಂಪಾದಾಗ ಬಿಡುತ್ತದೆ. ಬೇಕಾದಾಗ ಮತ್ತೆ ಸೆಳೆಯುತ್ತದೆ. ೧೯೪೦ರ ಸುಮಾರಿಗೆ ಪ್ಯಾಕಾರ್ಡ್ ಕಾರುಗಳಲ್ಲಿ ಮೊದಲು ಏಸಿ ಬಂದಾಗ ಈ ಕ್ಲಚ್ಚು ಇರಲಿಲ್ಲ. ಏಸಿಯನ್ನು ನಿಲ್ಲಿಸಬೇಕಾದರೆ ಇಂಜಿನನ್ನು ಆರಿಸಿ, ಬಾನೆಟ್ಟು ತೆರೆದು, ಬೆಲ್ಟನ್ನೇ ಕಳಚಬೇಕಾಗಿತ್ತು. ಇಂದು ಬೆರಳ ತುದಿಯಿಂದ ಆಗುವ ಆ ಕೆಲಸವು ತಟ್ಟೆಗೂ ಪುಲ್ಲಿಗೂ ನಡುವಣ ಒಂದು ಕೂದಲೆಳೆಯಷ್ಟು ಎಡೆಯನ್ನು ನಂಬಿ ನಿಂತಿದೆ. ಹೊಸದರಲ್ಲಿ ಅದು ಅರ್ಧ ಮಿಲಿಮೀಟರಿನ ಆಸುಪಾಸು. ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಹನ್ನೆರಡು ವರ್ಷಗಳಲ್ಲಿ ಎರಡು ಮುಖಗಳೂ ಸವೆದು ಆ ಎಡೆ ಹಿಗ್ಗಿತ್ತು. ಎಡೆ ಹಿಗ್ಗಿದಷ್ಟೂ ಅಯಸ್ಕಾಂತದ ಸೆಳೆತ ಬಹು ಬೇಗನೆ ಕುಗ್ಗುತ್ತದೆ. ಅದರ ಮೇಲೆ ತಾಮ್ರದ ಗುಣವೊಂದುಂಟು: ಬಿಸಿಯಾದಂತೆಲ್ಲ ಅದು ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತದೆ. ಬೆಳಗಿನ ೨೫ ಡಿಗ್ರಿಯಿಂದ ಮಧ್ಯಾಹ್ನದ ಬಾನೆಟ್ಟಿನೊಳಗಿನ ೧೦೦ ಡಿಗ್ರಿಗೆ ಏರಿದರೆ ಆ ಅಡ್ಡಿಯು ನೂರಕ್ಕೆ ಸುಮಾರು ಮೂವತ್ತರಷ್ಟು ಹೆಚ್ಚಾಗಿ, ಸೆಳೆಯುವ ಬಲ ಅಷ್ಟಕ್ಕಷ್ಟು ಇಳಿಯುತ್ತದೆ. ಓಡುತ್ತಿರುವ ಗಾಡಿಗೆ ಗಾಳಿ ತಾಗುತ್ತಿರುತ್ತದೆ. ಕಾದ ಇಂಜಿನನ್ನು ನಿಲ್ಲಿಸಿದಾಗಲೇ ಅದರ ಬಿಸಿಯೆಲ್ಲ ಬಾನೆಟ್ಟಿನೊಳಗೆ ಕಟ್ಟಿಕೊಳ್ಳುವುದು. ಪುಸ್ತಕದ ‘ಊಟ ಮುಗಿಸಿ ಹೊರಟಾಗ’ ಎಂಬ ಸಾಲುಗಳ ರಹಸ್ಯ ಇದೇ.

ಇನ್ನೂ ಒಂದು ಬಾಕಿಯಿತ್ತು. ಬ್ಯಾಟರಿಯ ಬಳಿ ಹದಿಮೂರೂವರೆ ವೋಲ್ಟು ತೋರಿಸಿದ ಮೀಟರು ಕ್ಲಚ್ಚಿನ ಬಳಿ ಹನ್ನೊಂದಕ್ಕೂ ಏರಲಿಲ್ಲ. ದಾರಿಯಲ್ಲಿ ಎಲ್ಲೋ ಕಳ್ಳನಿದ್ದಾನೆಂದು ಮೇಸ್ತ್ರಿ ತಂತಿಯನ್ನು ಹಿಡಿದು ಹೋದರು. ಗಾಡಿಯ ಮೈಗೆ ಅರ್ತಿಂಗು ಕೂಡಿಸುವ ಬೋಲ್ಟಿನ ಸುತ್ತ ನವಿಲಿನ ಕತ್ತಿನ ಬಣ್ಣದ ಹಸುರು ಕಿಲುಬು ಹೂ ಬಿಟ್ಟಿತ್ತು. ಹನ್ನೆರಡು ವರ್ಷ ಧಕ್ಕೆಯ ಉಪ್ಪುನೀರಿನಲ್ಲಿ ಓಡಾಡಿದ ಚಕ್ರಗಳು ಸಿಡಿಸಿದ ಹನಿಗಳ ಲೆಕ್ಕ ಅದು. ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ತಿಕ್ಕಿ, ವ್ಯಾಸಲೀನು ಸವರಿ ಬಿಗಿದದ್ದಾಯಿತು. ಗ್ಯಾರೇಜಿಗೆ ಹಿಂದಿರುಗಿ, ಇಂಜಿನು ಆರಿದ ಮೇಲೆ ಕ್ಲಚ್ಚಿನ ತಟ್ಟೆಯನ್ನು ಕಳಚಿ, ಅದರ ಹಿಂದಿದ್ದ ಕಾಗದದಷ್ಟು ತೆಳುವಾದ ಎರಡು ವಾಷರುಗಳಲ್ಲಿ ಒಂದನ್ನು ತೆಗೆದು, ಮತ್ತೆ ಕೂರಿಸಿ, ಎಡೆಯನ್ನು ಅಳೆದರು. ತೆಗೆದ ವಾಷರನ್ನು ಯಜಮಾನರ ಅಂಗೈಯಲ್ಲಿಟ್ಟು, “ನಿಮ್ಮ ಕಂಪ್ರೆಸರು ಇದು” ಎಂದರು. ಅವರು ಪಡೆದ ಕೂಲಿ ಒಂದು ದಿನದ ಬಾಡಿಗೆಗೂ ಕಡಿಮೆ.

ಮೇಸ್ತ್ರಿಗೆ ಸಿಟ್ಟು ಬಂದದ್ದು ಒಂದೇ ವಿಷಯಕ್ಕೆ, ಎರಡು ಸಲ ಸುಮ್ಮನೆ ತುಂಬಿಸಿದ ಗ್ಯಾಸಿಗೆ. ಸಿಟ್ಟಿಗೆ ಕಾರಣವಿದೆ. ಹಿಂದಿನ ಗಾಡಿಗಳಲ್ಲಿದ್ದ ಗ್ಯಾಸು ಆಕಾಶದ ಓಝೋನ್ ಪದರವನ್ನು ತಿನ್ನುತ್ತಿದ್ದುದರಿಂದ ೧೯೮೭ರ ಮಾಂಟ್ರಿಯಲ್ ಒಪ್ಪಂದವು ಅದನ್ನು ಕೈಬಿಡುವ ದಾರಿ ಮಾಡಿತು. ಭಾರತವು ೧೯೯೨ರಲ್ಲಿ ಅದಕ್ಕೆ ಸೇರಿತು. ಅದರ ಬದಲಿಗೆ ಬಂದ ೧೩೪-ಎ ಓಝೋನನ್ನು ಮುಟ್ಟದಿದ್ದರೂ, ಭೂಮಿಯ ಬಿಸಿಯನ್ನು ಹಿಡಿದಿಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸಾವಿರ ಪಾಲಿಗೂ ಮೀರಿದ್ದು. ಅದನ್ನೂ ಕ್ರಮವಾಗಿ ಇಳಿಸಬೇಕೆಂದು ೨೦೧೬ರಲ್ಲಿ ಕಿಗಾಲಿಯಲ್ಲಿ ನಿಶ್ಚಯವಾಯಿತು. ಭಾರತವು ೨೦೨೧ರಲ್ಲಿ ಒಪ್ಪಿತು. ಒಂದು ಗಾಡಿಯ ಗ್ಯಾಸು ಅರ್ಧ ಕಿಲೋವಿನಷ್ಟು ಮಾತ್ರವಿರಬಹುದು. ಆದರೆ ದೋಷವನ್ನು ನೋಡದೆ ಗಾಳಿಗೆ ಬಿಟ್ಟ ಅರ್ಧ ಕಿಲೋ ಪಗ್ಗು ತಿಂಗಳ ಸೆಕೆಗೆ ತನ್ನ ಪಾಲನ್ನು ಸೇರಿಸಿಯೇ ಸೇರಿಸುತ್ತದೆ. ಸೆಕೆಯನ್ನು ಕಳೆಯಲು ಹೋಗಿ ಸೆಕೆಯನ್ನೇ ಬಿತ್ತಿದಂತಾಯಿತು.

ಏಸಿಯು ಸರಿಯಾಯಿತು. ಆದರೂ ಮಗಳು ಪುಸ್ತಕ ಬರೆಯುವುದನ್ನು ನಿಲ್ಲಿಸಲಿಲ್ಲ. ದುರಸ್ತಿ ನಿಜವಾಗಿಯೂ ಆಗಿದೆಯೋ ನೋಡಬೇಕೆಂಬ ನೆವ ಹೇಳಿದಳು. ಮುಂದಿನ ಎರಡು ವಾರಗಳಲ್ಲಿ ‘ತಂಪು’ ಎಂಬ ಅಂಕಣದಲ್ಲಿ ಒಂದು ದಿನವೂ ‘ಇಲ್ಲ’ ಎಂದು ಬರೆಯಬೇಕಾಗಲಿಲ್ಲ. ಆದರೆ ಏಳನೆಯ ಅಂಕಣದಲ್ಲಿ ಎರಡು ಸಲ ‘ಸುತ್ತು’ ಎಂದು ಬರೆಯಬೇಕಾಯಿತು. ಯಜಮಾನರೇ ಮೆಲುದನಿಯಲ್ಲಿ ಹೇಳಿ ಬರೆಸಿದರು. ತಮ್ಮ ಮಾತನ್ನು ಒಬ್ಬ ಹೊರಗಿನವನು ನಂಬಿದ ಮೇಲೆ ಅವರಿಗೆ ಆಡುವ ಧೈರ್ಯ ಬಂದಿತ್ತು. ಸೆಕೆಯಿಂದಲೇ ತಲೆಸುತ್ತೆಂದು ಮನೆಯವರೆಲ್ಲ ನಂಬಿದ್ದರು. ಪುಸ್ತಕ ಅಲ್ಲವೆಂದಿತು. ತಂಪಾದ ಕೋಣೆಯಿಂದ ಇಳಿದು ನಿಂತಾಗ, ಹನ್ನೊಂದು ಗಂಟೆಯ ಹೊತ್ತಿಗೆ, ಬೆಳಗಿನ ಚಹಾದ ಬಳಿಕ ಏನೂ ಕುಡಿಯದ ದಿನಗಳಲ್ಲಿ ಅದು ಬಂದಿತ್ತು. ಎರಡು ದೋಷಗಳನ್ನು ಎಲ್ಲರೂ ಒಂದೆಂದು ತಿಳಿದಿದ್ದರು. ಒಂದನ್ನು ಸರಿಪಡಿಸಿದ ಮೇಲೆಯೇ ಇನ್ನೊಂದು ಪ್ರತ್ಯೇಕವಾಗಿ ಕಂಡಿತು.

ತಂದೆಯನ್ನು ಕರೆದುಕೊಂಡು ಮಗಳು ವೈದ್ಯರಲ್ಲಿಗೆ ಹೋದಳು, ಪುಸ್ತಕವನ್ನೂ ಒಯ್ದಳು. ಯಜಮಾನರು ರಕ್ತದೊತ್ತಡಕ್ಕೆ ಕೆಲವು ವರ್ಷಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದವರು; ಪ್ರತಿಸಲ ಸಂಜೆಯ ಹೊತ್ತು ಕುರ್ಚಿಯಲ್ಲಿ ಕುಳಿತು ಅಳೆಸಿಕೊಂಡು, ‘ಸರಿಯಾಗಿದೆ’ ಎನ್ನಿಸಿಕೊಂಡು ಬರುತ್ತಿದ್ದವರು. ಈ ಸಲ ವೈದ್ಯರು ಪುಸ್ತಕದ ಪುಟಗಳನ್ನು ತಿರುವಿ, ಯಜಮಾನರನ್ನು ಸ್ವಲ್ಪ ಹೊತ್ತು ಮಲಗಿಸಿ ಒಮ್ಮೆ, ಎದ್ದು ನಿಲ್ಲಿಸಿ ಇನ್ನೊಮ್ಮೆ ಅಳೆದರು. ಮಲಗಿದ್ದಾಗ ಸರಿಯಾಗಿದ್ದ ಅಂಕೆಯು ನಿಂತಾಗ ಇಳಿಯಿತು. ನಸುಕಿನಲ್ಲಿ ನುಂಗುತ್ತಿದ್ದ ಗುಳಿಗೆಗಳಲ್ಲಿ ಒಂದು ಮೈಯ ನೀರನ್ನು ಇಳಿಸುವಂಥದು. ಅದರ ಮೇಲೆ ಧಕ್ಕೆಯ ಬೆವರು, ಮಧ್ಯಾಹ್ನದವರೆಗೆ ಒಂದು ಲೋಟ ನೀರೂ ಇಲ್ಲ. ವೈದ್ಯರು ಗುಳಿಗೆಯನ್ನು ಬದಲಿಸಿದರು. ಗಾಡಿಯಲ್ಲಿ ನೀರಿನ ಬಾಟಲಿ ಇಡಲು ಹೇಳಿದರು. ತಿಂಗಳು ಬಿಟ್ಟು ಪುಸ್ತಕದೊಡನೆಯೇ ಬರಬೇಕೆಂದರು. ಹೊರಗೆ ಬಂದು ಯಜಮಾನರು ಮಗಳಿಗೆ ಅಂದದ್ದು ಇಷ್ಟೇ: “ಇವರೂ ಕೆಡುವ ಗಳಿಗೆಯಲ್ಲಿ ನೋಡಿದರು.”

ಜೂನ್ ೧ಕ್ಕೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಬಂದು, ೬೧ ದಿನ ದೋಣಿಗಳು ದಡ ಸೇರಿದವು. ಗಾಡಿಯೂ ಕೊಟ್ಟಿಗೆ ಸೇರಿತು. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿಯನ್ನು ಓಡಿಸಬೇಕು, ಇಲ್ಲವಾದರೆ ಕಂಪ್ರೆಸರಿನ ಬಾಯಿಯ ರಬ್ಬರು ಒಣಗಿ ಗ್ಯಾಸು ಸೋರುವುದೆಂದು ಮೇಸ್ತ್ರಿ ಹೇಳಿಕೊಟ್ಟಿದ್ದರು. ಹೊರಗೆ ಆಟಿಯ ಮಳೆ ಸುರಿಯುತ್ತಿರುವಾಗ ಯಜಮಾನರು ಪ್ರತಿ ಭಾನುವಾರ ಗಾಡಿಯಲ್ಲಿ ಕುಳಿತು ಏಸಿ ಹಾಕಿ, ಕನ್ನಡಿಯ ಮೇಲಣ ಮಂಜು ಕರಗುವುದನ್ನು ನೋಡುತ್ತಾರೆ. ಹೆಂಡತಿ ಚಹಾ ತಂದುಕೊಟ್ಟು, ತಾನೂ ಪಕ್ಕದಲ್ಲಿ ಕೂರುತ್ತಾಳೆ. ಆಕೆ ಈಗ ತಂಪಿನ ವಿಷಯ ಕೇಳುವುದಿಲ್ಲ. “ತಲೆ ಹೇಗಿದೆ?” ಎಂದು ಕೇಳುತ್ತಾಳೆ. ಯಜಮಾನರು ನಿಜವನ್ನೇ ಹೇಳುತ್ತಾರೆ. ಪುಸ್ತಕವು ಒಳಗೆ ಮೊಳೆಗೆ ತೂಗಾಡುತ್ತಿರುತ್ತದೆ.